ದಾರಿಯಲ್ಲಿ ಒಡೆದರೆ ಯಾರ ಪಾಲು?

ಪುಣೆಯಿಂದ ಬಂದ ಮೊದಲ ಫೋಟೊದಲ್ಲಿ ರಟ್ಟಿನ ಡಬ್ಬದ ಒಂದು ಮೂಲೆ ಕೆಂಪಗೆ ನೆನೆದಿತ್ತು. ಎರಡನೆಯದರಲ್ಲಿ ಗಾಜಿನ ಚೂರುಗಳು, ಅವುಗಳ ನಡುವೆ ಅಪ್ಪೆಮಿಡಿಗಳು. ಶಿರಸಿ ಸೀಮೆಯ ಹಳ್ಳಿಯಲ್ಲಿದ್ದುಕೊಂಡು ಒಂದು ಪುಟ್ಟ ವೆಬ್‌ಸೈಟಿನ ಮೂಲಕ ಉಪ್ಪಿನಕಾಯಿ, ಜೋನಿಬೆಲ್ಲ, ಮುರುಗಲು ಶರಬತ್ತು ಮಾರುವ ನನ್ನ ಅಕ್ಕ ಆ ಫೋಟೊಗಳನ್ನು ನನಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದಳು: "ಇದಕ್ಕೆ ದುಡ್ಡು ವಾಪಸ್ ಕೊಡಬೇಕಾ?"

ಕೊಡಬೇಕು ಎಂದೆ. ಅವಳು ಕೊಟ್ಟಳು. ಆಮೇಲೆ ರಸೀದಿ ಹಿಡಿದು ಕೊರಿಯರ್ ಕಚೇರಿಗೆ ಹೋದರೆ ಅಲ್ಲಿದ್ದ ಹುಡುಗ, "ಹಿಂದುಗಡೆ ಓದಿ ಮೇಡಂ" ಎಂದನಂತೆ. ರಸೀದಿಯ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಒಡೆಯುವ ವಸ್ತುಗಳಿಗೂ ದ್ರವಗಳಿಗೂ ಕಂಪನಿ ಜವಾಬ್ದಾರಿಯಲ್ಲ ಎಂದಿತ್ತು. ಮುಂಭಾಗದಲ್ಲಿ ‘ಓನರ್ಸ್ ರಿಸ್ಕ್’ ಎಂಬ ಚೌಕಕ್ಕೆ ಗುರುತು ಬಿದ್ದಿತ್ತು. ಆ ಗುರುತನ್ನು ಅಕ್ಕ ಹಾಕಿರಲಿಲ್ಲ. ಅದರ ಅರ್ಥವೇನೆಂದು ಅವಳಿಗೆ ಯಾರೂ ಹೇಳಿರಲೂ ಇಲ್ಲ.

ಅದಾಗಿ ಕೆಲವು ವಾರಗಳಿಗೆ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗ ಅವಳಿಗೊಂದು ಉಪಾಯ ಹೇಳಿದ. ಹಣ ಕಟ್ಟುವ ಪುಟದಲ್ಲಿ ‘ಶಿಪ್ಪಿಂಗ್ ಇನ್ಶೂರೆನ್ಸ್, 29 ರೂಪಾಯಿ’ ಎಂದು ಒಂದು ಚೌಕ ಇಡುವುದು. ಬೇಕಾದವರು ಟಿಕ್ ಹಾಕುತ್ತಾರೆ, ಹಾಕಿದವರ ಡಬ್ಬ ಒಡೆದರೆ ಬೇರೆ ಕಳಿಸುವುದು, ಹಾಕದವರಿಗೆ ಇಲ್ಲ. ಕೇಳಲು ಬಹಳ ಸಲೀಸು. ಇಡಲೇ, ಬೇಡವೇ ಎಂದು ಅಕ್ಕ ಫೋನು ಮಾಡಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಕಾಯ್ದೆ ಪುಸ್ತಕ, ಪಾಲಿಸಿ ಕಾಗದ, ಕೊರಿಯರ್ ಷರತ್ತುಗಳನ್ನು ಹರವಿಕೊಂಡು ಕೂತೆ. ಆ ಓದಿನಿಂದ ನನಗೆ ಖಚಿತವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರೂರಲ್ಲಿ ಇಂಥ ಅಂಗಡಿಗಳಿವೆ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಮಲೆನಾಡಿನ ಜೇನು ಇಂದು ನೇರವಾಗಿ ಕೊಳ್ಳುವವರ ಬಾಗಿಲಿಗೆ ಹೋಗುತ್ತಿವೆ. ಅಕ್ಕನ ಪ್ರಶ್ನೆ ಅವರೆಲ್ಲರ ಪ್ರಶ್ನೆಯೂ ಹೌದು.

ಮೊದಲು ಬಗೆಹರಿಯಬೇಕಾದದ್ದು ಇದು: ಡಬ್ಬ ಅಂಗಡಿಯಿಂದ ಹೊರಟು ಗ್ರಾಹಕರ ಕೈ ಸೇರುವ ತನಕ ಅದರ ನಷ್ಟ ಯಾರದು?

1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಂ ಮೇಲ್ನೋಟಕ್ಕೆ ಮಾರುವವರ ಕಡೆ ವಾಲಿದಂತಿದೆ. ಸಾಗಣೆದಾರನ ಕೈಗೆ ಸರಕು ಕೊಟ್ಟರೆ ಕೊಂಡವನಿಗೇ ಕೊಟ್ಟಂತೆ ಎನ್ನುತ್ತದೆ ಅದು. ಲಾರಿ ಆಫೀಸಿನಲ್ಲಿ ಮೂಟೆ ಇಳಿಸಿ ರಸೀದಿ ತಂದರೆ ಮಾರಿದವನ ಕೆಲಸ ಮುಗಿಯಿತು ಎಂಬುದು ಸಗಟು ವ್ಯಾಪಾರಿಗಳ ಹಳೆಯ ರೂಢಿ, ಕಾಯ್ದೆ ಬರೆದಾಗ ಕಣ್ಣ ಮುಂದಿದ್ದದ್ದು ಅಂಥ ವ್ಯಾಪಾರ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಬಹಳ ಮಂದಿ ಓದುವುದಿಲ್ಲ. ಸರಕು ಎಂಥದ್ದು ಎಂಬುದನ್ನು ನೋಡಿಕೊಂಡು ಅದಕ್ಕೆ ತಕ್ಕ ಕರಾರನ್ನು ಮಾರುವವನು ಸಾಗಣೆದಾರನ ಜೊತೆ ಮಾಡಿಕೊಳ್ಳಬೇಕು. ಮಾಡಿಕೊಳ್ಳದೆ ಸರಕು ದಾರಿಯಲ್ಲಿ ಹಾಳಾದರೆ, ‘ಇದು ನನಗೆ ಮುಟ್ಟಿಲ್ಲ’ ಎಂದು ಹೇಳುವ ಹಕ್ಕು ಕೊಂಡವನಿಗಿದೆ. ಗಾಜಿನ ಬಾಟಲಿಯನ್ನು, ನಷ್ಟವಾದರೆ ಸರಕಿನ ಒಡೆಯರದೇ ಎನ್ನುವ ‘ಓನರ್ಸ್ ರಿಸ್ಕ್’ ರಸೀದಿಯಲ್ಲಿ ಕಳಿಸುವುದು ತಕ್ಕ ಕರಾರೆಂದು ಒಪ್ಪಿಸುವುದು ಕಷ್ಟ.

ಇನ್ನು ಮನೆ ಬಾಗಿಲಿಗೆ ತಲುಪಿಸುತ್ತೇವೆ ಎಂದು ಮಾತು ಕೊಟ್ಟೇ ಮಾರುವ ಆನ್‌ಲೈನ್ ಅಂಗಡಿಗೆ 2020ರ ಜುಲೈ 23ರಂದು ಹೊರಬಿದ್ದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಅನ್ವಯಿಸುತ್ತವೆ. ದೋಷವಿರುವ, ಹೇಳಿದಂತಿಲ್ಲದ ಅಥವಾ ಹೇಳಿದ ಅವಧಿ ದಾಟಿ ಬಂದ ವಸ್ತುವನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ತಡವಾಗಿ ಬಂದರೇ ಹೀಗೆ, ಬಾರದೇ ಹೋದರೆ ಕೇಳುವುದೇ ಬೇಡ. ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದೇವೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ‘ರವಾನಿಸಿದ ಮೇಲೆ ನಾವು ಜವಾಬ್ದಾರರಲ್ಲ’ ಎಂದು ವೆಬ್‌ಸೈಟಿನ ತಳದಲ್ಲಿ ಬರೆದುಕೊಂಡವರು, ನಾಳೆ ಪುಣೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದೀತು.

ಹಾಗಾಗಿ ದಾರಿಯ ನಷ್ಟ ಅಂಗಡಿಯದು. ಕಾಯ್ದೆಯ ಮಾತು ಬದಿಗಿಟ್ಟರೂ ನನಗೆ ಇದು ನ್ಯಾಯವೆಂದೇ ತೋರುತ್ತದೆ. ಡಬ್ಬ ಆರಿಸಿದವರು, ಕಟ್ಟಿದವರು, ಕೊರಿಯರ್ ಗೊತ್ತು ಮಾಡಿದವರು ಅಂಗಡಿಯವರು. ಕೊಂಡವರು ಮಾಡಿದ್ದು ಹಣ ಕೊಟ್ಟು ಕಾದದ್ದು ಮಾತ್ರ.

ಇದನ್ನು ಒಪ್ಪಿದರೆ 29 ರೂಪಾಯಿಯ ಆ ಚೌಕ ಬೇರೆಯೇ ಥರ ಕಾಣತೊಡಗುತ್ತದೆ. ಟಿಕ್ ಹಾಕದವರ ಬಾಟಲಿ ಒಡೆದರೆ ಏನೆಂದು ಹೇಳುವುದು? ನೀವು 29 ರೂಪಾಯಿ ಕೊಟ್ಟಿಲ್ಲ, ಒಡಕು ನಿಮ್ಮದೇ ಎಂದು ಹೇಳಲು ಕಾಯ್ದೆ ಬಿಡುವುದಿಲ್ಲ. ಅವರಿಗೂ ಬೇರೆ ಕಳಿಸಲೇಬೇಕೆಂದರೆ, ಟಿಕ್ ಹಾಕಿದವರಿಗೆ ಅಂಗಡಿ ಮಾರಿದ್ದೇನು? ಅವರಿಗೆ ಮೊದಲೇ ಇದ್ದ ಹಕ್ಕನ್ನೇ ಅವರಿಗೆ ಮಾರಿದಂತಾಯಿತು.

ಅಂಗಡಿಗೆ ನಷ್ಟವಾದರೆ ಕೊರಿಯರ್‌ನವರಿಂದ ವಸೂಲಿ ಮಾಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಇತಿಹಾಸ ಸ್ವಲ್ಪ ಬೇಕು. 1865ರ ಸಾಗಣೆದಾರರ ಕಾಯ್ದೆಯ ಕೊನೆಗೆ ಒಂದು ಪಟ್ಟಿಯಿತ್ತು. ಚಿನ್ನ, ಬೆಳ್ಳಿ, ಮುತ್ತು, ಹುಂಡಿಗಳ ಜೊತೆಗೆ ಗಾಜು, ಪಿಂಗಾಣಿ, ರೇಷ್ಮೆ, ಗಂಧದೆಣ್ಣೆಗಳೂ ಅದರಲ್ಲಿದ್ದವು. ಇಂಥ ವಸ್ತುಗಳ ಬೆಲೆ 100 ರೂಪಾಯಿ ಮೀರಿದರೆ ಕಳಿಸುವವನು ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು, ಅದಕ್ಕೆ ಸಾಗಣೆದಾರ ಹೆಚ್ಚು ಬಾಡಿಗೆ ಕೇಳಬಹುದಿತ್ತು. ಹೇಳದಿದ್ದರೆ ಕಳೆದುಹೋದಾಗ ಕೇಳುವ ಹಕ್ಕಿಲ್ಲ. ಒಳಗೆ ಎಷ್ಟು ಬೆಲೆಯ ವಸ್ತುವಿದೆ ಎಂದು ತಿಳಿಯದವನ ಮೇಲೆ ಅಷ್ಟೂ ಭಾರ ಹೊರಿಸಬಾರದು ಎಂಬ ಆ ತರ್ಕದಲ್ಲಿ ಹುರುಳಿದೆ. ಆ ಕಾಯ್ದೆಯ ಜಾಗಕ್ಕೆ ಬಂದದ್ದು 2007ರ ರಸ್ತೆ ಸಾಗಣೆ ಕಾಯ್ದೆ. ಕೊರಿಯರ್ ಏಜೆನ್ಸಿಗಳೂ ಇದರ ವ್ಯಾಪ್ತಿಯಲ್ಲಿವೆ. ಹೆಚ್ಚಿನ ಹೊಣೆ ಹೊರಲು ಪ್ರತ್ಯೇಕ ಒಪ್ಪಂದವಿಲ್ಲದಿದ್ದರೆ ಸಾಗಣೆದಾರನ ಹೊಣೆ ಕಟ್ಟಿದ ಬಾಡಿಗೆಯ 10 ಪಟ್ಟಿಗೆ ಮಿತಿ ಎಂದು ಇದರಡಿಯ 2011ರ ನಿಯಮಗಳು ಹೇಳುತ್ತವೆ, ಅದೂ ನೀವು ಬರೆದುಕೊಟ್ಟ ಸರಕಿನ ಬೆಲೆಯನ್ನು ಮೀರದಂತೆ. 80 ರೂಪಾಯಿ ಬಾಡಿಗೆ ಕಟ್ಟಿ 18,000 ರೂಪಾಯಿಯ ಸೀರೆ ಕಳಿಸಿದರೆ ಲೆಕ್ಕ ನೀವೇ ಹಾಕಿ. ಮೊಕದ್ದಮೆ ಹೂಡುವ ಮೊದಲು, ಬುಕ್ ಮಾಡಿದ ದಿನದಿಂದ 180 ದಿನಗಳ ಒಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಎಂಬ ಷರತ್ತನ್ನೂ ನೆನಪಿಡಬೇಕು.

ಸಹಿ ಮಾಡಿದ ಸಣ್ಣ ಅಕ್ಷರಗಳಿಗೆ ಎಷ್ಟು ಬಲವಿದೆ ಎಂಬುದಕ್ಕೆ 1996ರ ಒಂದು ತೀರ್ಪು ಸಾಕ್ಷಿ. ಭಾರತಿ ನಿಟ್ಟಿಂಗ್ ಕಂಪನಿ ಜರ್ಮನಿಗೆ ಕಳಿಸಿದ ಉಡುಪುಗಳ ಕಾಗದಪತ್ರಗಳು ಡಿಎಚ್‌ಎಲ್ ಮೂಲಕ ಹೋಗಿ, ತಲುಪಬೇಕಾದಲ್ಲಿಗೆ ತಲುಪಲಿಲ್ಲ. ನಕಲು ಪ್ರತಿಗಳು ಸೇರುವ ಹೊತ್ತಿಗೆ ಹಂಗಾಮು ಮುಗಿದು, ಕೊಳ್ಳುವವರು ಬೆಲೆ ಇಳಿಸಿಬಿಟ್ಟರು. ನಷ್ಟ ಲಕ್ಷಗಳಲ್ಲಿತ್ತು. ರವಾನೆ ಚೀಟಿಯಲ್ಲಿ ಹೊಣೆಯ ಮಿತಿ 100 ಡಾಲರ್ ಎಂದಿತ್ತು, ಅದಕ್ಕೆ ಕಳಿಸಿದವರ ಸಹಿಯಿತ್ತು. ಸಹಿ ಹಾಕಿದ ಕರಾರಿಗೆ ಬದ್ಧರಾಗಿರಬೇಕು ಎಂದಿತು ಸುಪ್ರೀಂ ಕೋರ್ಟ್. ವಿವರಿಸಿ ಹೇಳದ, ಸಹಿಯೂ ಪಡೆಯದ ಷರತ್ತುಗಳು ಗ್ರಾಹಕರನ್ನು ಕಟ್ಟಿಹಾಕುವುದಿಲ್ಲ ಎಂದು ಆಮೇಲೆ ಗ್ರಾಹಕ ಆಯೋಗಗಳು ಕೆಲವು ಪ್ರಕರಣಗಳಲ್ಲಿ ಹೇಳಿದ್ದುಂಟು. ಅದನ್ನು ನಂಬಿಕೊಂಡು ವ್ಯಾಪಾರ ಮಾಡಲಾಗದು.

ಅಂಚೆಯ ಕಥೆಯೂ ಬೇರೆಯಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳೆದುಹೋದ ದೇಶದೊಳಗಿನ ಪಾರ್ಸೆಲ್‌ಗೆ ಬಹುಕಾಲ ಇದ್ದ ಪರಿಹಾರ, ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. 1898ರ ಅಂಚೆ ಕಾಯ್ದೆಯನ್ನು ತೆಗೆದುಹಾಕಿ 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯೂ, ನಿಯಮಗಳಲ್ಲಿ ಒಪ್ಪಿಕೊಂಡಷ್ಟರ ಹೊರತು ಇಲಾಖೆಗೆ ಹೊಣೆಯಿಲ್ಲ ಎಂಬ ಹಳೆಯ ತತ್ವವನ್ನೇ ಉಳಿಸಿಕೊಂಡಿದೆ. ಅಂಚೆಯಲ್ಲಿ ಬೆಲೆ ಹೇಳಿ ವಿಮೆ ಮಾಡಿಸಿ ಕಳಿಸುವ ಪದ್ಧತಿ ಬಹಳ ಹಳೆಯದು. ಬಟ್ಟೆಯಲ್ಲಿ ಹೊಲಿದ ಕಟ್ಟಿನ ಹೊಲಿಗೆಗುಂಟ ಅರಗಿನ ಮುದ್ರೆ ಒತ್ತಿ, ತೂಕ ಬರೆಸಿ ಕಳಿಸುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಬೆಲೆಬಾಳುವ ವಸ್ತುವಿಗೆ ಇಂದಿಗೂ ಅದು ಕೇಳಿ ನೋಡಬೇಕಾದ ದಾರಿ.

ಒಟ್ಟಿನಲ್ಲಿ ಗ್ರಾಹಕರ ಕಡೆಗೆ ಅಂಗಡಿಯ ಹೊಣೆ ಪೂರ್ತಿ, ಅಂಗಡಿಯ ಕಡೆಗೆ ಸಾಗಣೆದಾರನ ಹೊಣೆ ಚೂರು. ನಡುವಿನ ಈ ಕಂದಕವನ್ನು ತುಂಬುವುದಕ್ಕೇ ವಿಮೆ ಇರುವುದು, ಮತ್ತು ಅದರ ಅಗತ್ಯ ಇರುವುದು ಅಂಗಡಿಗೆ.

ದಾರಿಯ ಭಯಕ್ಕೆ ಬೆಲೆ ಕಟ್ಟುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಸಾಲ ಪಡೆದು ಕಾಡು ದಾಟಿ ವ್ಯಾಪಾರಕ್ಕೆ ಹೋಗುವವರಿಗೆ ನೂರಕ್ಕೆ ಹತ್ತು, ಸಮುದ್ರ ದಾಟುವವರಿಗೆ ನೂರಕ್ಕೆ ಇಪ್ಪತ್ತು ಬಡ್ಡಿ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಬಡ್ಡಿ ಹೆಚ್ಚೇಕೆಂದರೆ ಅಸಲೇ ನಾಶವಾಗುವ ಶಂಕೆಯಿದೆ ಎಂದು ಅವನು ಕಾರಣ ಕೊಡುತ್ತಾನೆ. ಪ್ರೀಮಿಯಂ ಎಂಬ ಮಾತಿನ ತಿರುಳು ಅಷ್ಟೇ. ಸರಕು ಸುಖವಾಗಿ ತಲುಪಿದರೆ ಮಾತ್ರ ಹಣ ಸಲ್ಲುವ ‘ಜೋಖ್ಮಿ ಹುಂಡಿ’ ಕೂಡ ನಮ್ಮ ಬಂದರುಗಳ ವರ್ತಕರಲ್ಲಿ ಬಳಕೆಯಲ್ಲಿತ್ತು.

ಇಂದು ಅಂಗಡಿಯವರು ಕೊಳ್ಳಬಹುದಾದ ರಕ್ಷಣೆ ಮೂರು ಬಗೆಯದು. ಕೊರಿಯರ್‌ನವರು ಸರಕಿನ ಬೆಲೆಯ ಮೇಲೆ ಇಂತಿಷ್ಟೆಂದು ಪಡೆದು ‘ಕ್ಯಾರಿಯರ್ಸ್ ರಿಸ್ಕ್’ನಲ್ಲಿ ಒಯ್ಯುವುದು ಒಂದು. ಎಫ್‌ಒವಿ ಎಂದು ಬಿಲ್ಲಿನಲ್ಲಿ ಬರುವ ಸಾಲು ಇದೇ. ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಬುಕ್ ಮಾಡಿಕೊಡುವ ಮಧ್ಯವರ್ತಿ ಸಂಸ್ಥೆಗಳು ಪಾರ್ಸೆಲ್ ಲೆಕ್ಕದಲ್ಲಿ ಕೊಡುವ ರಕ್ಷಣೆ ಇನ್ನೊಂದು. ಇದರಲ್ಲಿ ಯಾವ ಯಾವ ವಸ್ತು ಸೇರಿಲ್ಲ, ಗರಿಷ್ಠ ಎಷ್ಟು ಕೊಡುತ್ತಾರೆ, ಎಷ್ಟು ದಿನದೊಳಗೆ ಕ್ಲೇಮ್ ಹಾಕಬೇಕು ಎಂಬ ಮೂರನ್ನು ಓದದೆ ದುಡ್ಡು ಕಟ್ಟಬಾರದು. ಮೂರನೆಯದು ನೇರ ವಿಮಾ ಕಂಪನಿಯ ಪಾಲಿಸಿ, ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಸಮುದ್ರದ ಮುಖವನ್ನೇ ನೋಡದ ಶಿರಸಿಯ ಡಬ್ಬಕ್ಕೂ ವಿಮಾ ಕಂಪನಿಯಲ್ಲಿ ‘ಮರೈನ್’ ವಿಭಾಗದಲ್ಲೇ ಪಾಲಿಸಿ ಸಿಗುವುದು. ಸಾಗಣೆ ವಿಮೆ ಹುಟ್ಟಿದ್ದು ಹಡಗುಗಳ ಕಾಲದಲ್ಲಿ, ಹೆಸರು ಹಾಗೇ ಉಳಿದಿದೆ. ವರ್ಷಕ್ಕೆ ಇಷ್ಟು ಸರಕು ಕಳಿಸುತ್ತೇವೆ ಎಂದು ಅಂದಾಜು ಹೇಳಿ ‘ಓಪನ್ ಪಾಲಿಸಿ’ ಮಾಡಿಸಿದರೆ ಪ್ರತಿ ಪಾರ್ಸೆಲ್‌ಗೂ ಬೇರೆ ಬೇರೆ ಅರ್ಜಿ ಹಾಕಬೇಕಿಲ್ಲ, ಆಗಾಗ ಲೆಕ್ಕ ಕೊಟ್ಟರಾಯಿತು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್, ನ್ಯಾಷನಲ್ ಎಂಬ ನಾಲ್ಕು ಸರ್ಕಾರಿ ಕಂಪನಿಗಳಲ್ಲೂ ಖಾಸಗಿ ಕಂಪನಿಗಳಲ್ಲೂ ಸಾಗಣೆ ವಿಮೆ ಇದೆ. ಒಳನಾಡಿನ ಸಾಗಣೆಗೆ ಐಟಿಸಿ ಎ, ಬಿ, ಸಿ ಎಂದು ಮೂರು ಷರತ್ತುಗಳ ಕಟ್ಟು. ‘ಸಿ’ಯಲ್ಲಿ ಬೆಂಕಿ, ಸಿಡಿಲು ಬಿಟ್ಟರೆ ಬೇರೇನಿಲ್ಲ. ‘ಬಿ’ಯಲ್ಲಿ ವಾಹನ ಡಿಕ್ಕಿ, ಉರುಳು, ಹಳಿ ತಪ್ಪುವುದು, ಸೇತುವೆ ಕುಸಿತ ಸೇರುತ್ತವೆ. ಕಳವು, ಒಡಕು, ಪಾರ್ಸೆಲ್ ಕಾಣೆಯಾಗುವುದು ಬೇಕೆಂದರೆ ‘ಎ’ ಬೇಕು. ಕೊರಿಯರ್ ಡಬ್ಬಗಳಿಗೆ ಬರುವ ಕಂಟಕ ಬಹುಪಾಲು ಈ ಕೊನೆಯ ಬಗೆಯದೇ. ಅಗ್ಗವೆಂದು ‘ಸಿ’ ಕೊಂಡ ಸಣ್ಣ ಅಂಗಡಿಗೆ ಅದರಿಂದ ಪ್ರಯೋಜನವಿಲ್ಲ.

‘ಎ’ ಇದ್ದರೂ ಎಲ್ಲವೂ ಸಿಗುವುದಿಲ್ಲ. ಸರಿಯಾಗಿ ಕಟ್ಟದ ಡಬ್ಬ, ತಡವಾದದ್ದರಿಂದ ಆದ ನಷ್ಟ, ವಸ್ತುವಿನ ಸ್ವಂತ ಗುಣದಿಂದ ಕೆಟ್ಟದ್ದು, ಸಹಜ ಸೋರಿಕೆ ಇವು ಹೊರಗೆ. ಅಕ್ಕನ ಉಪ್ಪಿನಕಾಯಿಯ ಮಟ್ಟಿಗೆ ಇದು ದೊಡ್ಡ ಮಾತು. ಮುಚ್ಚಳ ಸಡಿಲಾಗಿ ಉಪ್ಪುನೀರು ಸೋರಿದರೆ ಅದು ಅಪಘಾತವೋ, ಕಟ್ಟಿದವರ ತಪ್ಪೋ ಎಂಬ ಜಗಳ ಏಳುತ್ತದೆ. ದ್ರವವಿರುವ ಬಾಟಲಿಯನ್ನು ಗಟ್ಟಿ ಡಬ್ಬದಲ್ಲಿಟ್ಟು ಸುತ್ತ ಮರದ ಹೊಟ್ಟಿನಂಥ ಹೀರುವ ವಸ್ತು ತುಂಬಬೇಕೆಂದು ಅಂಚೆಯ ಹಳೆಯ ನಿಯಮಗಳು ಹೇಳುತ್ತಿದ್ದವು. ಅದು ಇಂದಿಗೂ ಒಳ್ಳೆಯ ಬುದ್ಧಿವಾದ.

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ 120 ಡಬ್ಬ, ಸರಾಸರಿ 750 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂರು ಒಡೆಯುತ್ತವೆ ಎನ್ನಿ. ನಷ್ಟ 2,250 ರೂಪಾಯಿ ಅನ್ನಿಸುತ್ತದೆ, ಆದರೆ ನಷ್ಟವನ್ನು ಮಾರುವ ಬೆಲೆಯಲ್ಲಿ ಅಳೆಯಬಾರದು. ಒಡೆದದ್ದರ ಬದಲಿಗೆ ಇನ್ನೊಂದು ಕಳಿಸಿದರೆ ಗ್ರಾಹಕರು ಕೊಟ್ಟ ಹಣ ಅಂಗಡಿಯಲ್ಲೇ ಉಳಿಯುತ್ತದೆ. ಮಾಲು, ಬಾಟಲಿ, ಕೂಲಿ ಸೇರಿ 400, ಮತ್ತೊಮ್ಮೆ ಕೊರಿಯರ್‌ಗೆ 100 ಎಂದರೆ ಒಂದು ಒಡಕಿನ ನಿಜವಾದ ಖರ್ಚು 500. ಮೂರಕ್ಕೆ 1,500. ಅದನ್ನು 120 ಡಬ್ಬಕ್ಕೆ ಹಂಚಿದರೆ ತಲಾ ಹನ್ನೆರಡೂವರೆ ರೂಪಾಯಿ. ಬಾಟಲಿಯ ಬೆಲೆಯಲ್ಲಿ ಅದನ್ನು ಸೇರಿಸಿಬಿಟ್ಟರೆ ಮುಗಿಯಿತು. ಇಂಥ ಪದೇ ಪದೇ ಆಗುವ ಸಣ್ಣ ನಷ್ಟಕ್ಕೆ ವಿಮೆ ಮಾಡಿಸುವುದು ದುಬಾರಿ ಬಾಬತ್ತು. ಪ್ರೀಮಿಯಂನಲ್ಲಿ ಕಂಪನಿಯ ಖರ್ಚು, ಲಾಭ, ತೆರಿಗೆ ಸೇರಿರುತ್ತವೆ, ಸಾಲದ್ದಕ್ಕೆ 500 ರೂಪಾಯಿಗಾಗಿ ಐದು ಕಾಗದ ಹೊಂದಿಸಿ ಓಡಾಡಬೇಕು.

ಇಳಕಲ್ಲಿನ ರೇಷ್ಮೆ ಸೀರೆ ಮಾರುವವರ ಲೆಕ್ಕ ಬೇರೆ. ತಿಂಗಳಿಗೆ ಹದಿನೈದು ಸೀರೆ, ಒಂದೊಂದು 18,000 ರೂಪಾಯಿ ಎನ್ನಿ. ವರ್ಷಕ್ಕೆ ಒಂದು ಕಳೆದುಹೋದರೆ ಸೀರೆಗೆ ನೂರು ರೂಪಾಯಿಯಂತೆ ಹಂಚಿಕೊಳ್ಳಬಹುದು. ಆದರೆ ಸರಾಸರಿ ಎಂಬುದು ಕಾಗದದ ಮೇಲಿನ ಸಮಾಧಾನ. ದೀಪಾವಳಿಯ ವಾರದಲ್ಲೇ ಎರಡು ಸೀರೆ ಕಾಣೆಯಾದರೆ 36,000 ರೂಪಾಯಿ ಹೋಯಿತು, ನೇಕಾರರಿಗೆ ಕೊಡಬೇಕಾದ ನೂಲಿನ ಹಣ, ಕೂಲಿ ನಿಂತುಹೋಯಿತು. ತೆರಿಗೆಯ ಪೆಟ್ಟೂ ಸೇರುತ್ತದೆ. ಕಳೆದ, ಕಳುವಾದ, ನಾಶವಾದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 17ನೇ ಕಲಂ. ಅಪರೂಪಕ್ಕೆ ಬಂದರೂ ಬಂದಾಗ ಅಂಗಡಿಯನ್ನೇ ಅಲುಗಾಡಿಸುವ ಇಂಥ ನಷ್ಟಕ್ಕೆ ವಿಮೆ ಬೇಕೇ ಬೇಕು. ಹೊಟ್ಟೆಗೆ ಹಾಕಿಕೊಳ್ಳಬಹುದಾದದ್ದನ್ನು ಹಾಕಿಕೊಳ್ಳಿ, ಹಾಕಿಕೊಳ್ಳಲಾಗದ್ದಕ್ಕೆ ಪಾಲಿಸಿ ಮಾಡಿಸಿ ಎಂದು ಅಕ್ಕನಿಗೂ ಅವಳ ಗೆಳತಿಯರಿಗೂ ನಾನು ಹೇಳಿದ್ದು ಈ ಲೆಕ್ಕದ ಮೇಲೆ.

ಹಾಗಾದರೆ ಗ್ರಾಹಕರ ಮುಂದೆ ವಿಮೆಯ ಆಯ್ಕೆ ಇಡಲೇಬಾರದೇ? ಇಡಬಹುದಾದ ಸಂದರ್ಭಗಳಿವೆ. ಅಂಗಡಿ ಹೇಳಿದ ಕೊರಿಯರ್ ಬೇಡ, ಇಂಥದ್ದರಲ್ಲೇ ಕಳಿಸಿ ಎಂದು ಗ್ರಾಹಕರು ಹಟ ಹಿಡಿದರೆ, ಡಬ್ಬವನ್ನು ತಮ್ಮ ಸಂಬಂಧಿಕರ ಕೈಗೆ ಕೊಟ್ಟು ಅಲ್ಲಿಂದ ಅಮೆರಿಕಕ್ಕೆ ಕಳಿಸಿಕೊಳ್ಳುವ ಏರ್ಪಾಡಾದರೆ, ಆ ಮುಂದಿನ ದಾರಿಯ ರಕ್ಷಣೆಗೆ ಬೇರೆ ಹಣ ಕೇಳುವುದು ನ್ಯಾಯವೇ. ಆಗಲೂ ಕೆಲವು ಗೆರೆಗಳನ್ನು ದಾಟುವಂತಿಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ತಿಳಿಯುವಂತಿಲ್ಲ ಎನ್ನುತ್ತವೆ 2020ರ ನಿಯಮಗಳು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ 13 ಬಗೆಯ ಮೋಸಗಳನ್ನು ಹೆಸರಿಸುತ್ತದೆ. ಕೇಳದೆ ಬುಟ್ಟಿಗೆ ಏನನ್ನಾದರೂ ಸೇರಿಸಿಬಿಡುವುದು ಅದರಲ್ಲೊಂದು. ಬೇಡವೆನ್ನುವವರಿಗೆ ನಾಚಿಕೆಯಾಗುವಂತೆ ಬರೆಯುವುದು ಇನ್ನೊಂದು. ಇದಕ್ಕೆ ಮಾರ್ಗಸೂಚಿ ಕೊಡುವ ಉದಾಹರಣೆಯೇ ವಿಮೆಯದು: ವಿಮಾನದ ಟಿಕೆಟ್ ಕೊಳ್ಳುವವರು ವಿಮೆ ಬೇಡವೆಂದರೆ ‘ನಾನು ರಕ್ಷಣೆಯಿಲ್ಲದೆಯೇ ಇರುತ್ತೇನೆ’ ಎಂಬರ್ಥದ ಗುಂಡಿಯನ್ನು ಒತ್ತಬೇಕಾಗಿ ಬರುವುದು.

‘ಇನ್ಶೂರೆನ್ಸ್’ ಎಂಬ ಪದವನ್ನೂ ಸಲೀಸಾಗಿ ಬಳಸಬಾರದು. 1938ರ ವಿಮಾ ಕಾಯ್ದೆಯಂತೆ ವಿಮೆಯ ವ್ಯವಹಾರ ನಡೆಸಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನೋಂದಣಿ ಬೇಕು. ಹಿಂದೆ ಯಾವ ವಿಮಾ ಕಂಪನಿಯೂ ಇಲ್ಲದೆ ಅಂಗಡಿಯೇ 29 ರೂಪಾಯಿ ಪಡೆದು ತಾನೇ ಪರಿಹಾರ ಕೊಡುವುದಕ್ಕೆ ವಿಮೆ ಎಂದು ಹೆಸರಿಡುವುದು ನನ್ನ ದೃಷ್ಟಿಯಲ್ಲಿ ತಪ್ಪು. ಅದು ಅಂಗಡಿಯ ಭರವಸೆ, ಹಾಗೆಂದೇ ಕರೆಯಬೇಕು. ಈ ವಿಷಯದಲ್ಲಿ ಜಿಎಸ್‌ಟಿ ಕಾಯ್ದೆಯ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತು. ಸರಕನ್ನು ಕಟ್ಟಿ, ವಿಮೆ ಮಾಡಿಸಿ, ಸಾಗಿಸಿ ಕೊಟ್ಟರೆ ಸರಕು, ಕಟ್ಟುವ ಸಾಮಾನು, ಸಾಗಣೆ, ವಿಮೆ ಎಲ್ಲವೂ ಸೇರಿ ಒಂದೇ ಪೂರೈಕೆ, ಅದರಲ್ಲಿ ಮುಖ್ಯವಾದದ್ದು ಸರಕು ಎನ್ನುತ್ತದೆ ಅದು. ತೆರಿಗೆಯೂ ಸರಕಿಗಿರುವ ದರದಲ್ಲೇ. ಬಾಟಲಿ, ರಟ್ಟು, ದಾರಿ, ಭಯ ಎಲ್ಲವೂ ಸೇರಿ ಒಂದೇ ವಸ್ತು ಎಂದು ತೆರಿಗೆಯ ಕಾಯ್ದೆಯೇ ಕಂಡಿರುವಾಗ ಅಂಗಡಿ ಯಾಕೆ ಅವನ್ನು ಬಿಡಿಸಿ ಮಾರಬೇಕು?

ಅಕ್ಕ ಆ ಚೌಕ ಇಡಲಿಲ್ಲ. ಬದಲಿಗೆ ಪ್ರತಿ ಬಾಟಲಿಯ ಬೆಲೆಗೆ 15 ರೂಪಾಯಿ ಸೇರಿಸಿದಳು, ವೆಬ್‌ಸೈಟಿನಲ್ಲಿ ಎರಡು ವಾಕ್ಯ ಬರೆದಳು: "ದಾರಿಯಲ್ಲಿ ಒಡೆದರೆ, ಸೋರಿದರೆ, ಕಳೆದರೆ ಬೇರೆ ಕಳಿಸುತ್ತೇವೆ ಅಥವಾ ಹಣ ಮರಳಿಸುತ್ತೇವೆ. ಡಬ್ಬ ಬಂದ ಎರಡು ದಿನದೊಳಗೆ ಫೋಟೊ ಕಳಿಸಿ." ಡಬ್ಬ ಬಿಚ್ಚುವ ವಿಡಿಯೊ ಕಡ್ಡಾಯ ಮಾಡೋಣವೇ ಎಂದಳು, ನಾನು ಬೇಡವೆಂದೆ. ಎಪ್ಪತ್ತು ದಾಟಿದ ತಾಯಿಯೊಬ್ಬರು ಮಗಳು ಬರುವ ತನಕ ಡಬ್ಬ ಬಿಚ್ಚದೆ ಕೂರಬೇಕಾಗುವ ವ್ಯವಸ್ಥೆ ಒಳ್ಳೆಯದಲ್ಲ. ಆ 15 ರೂಪಾಯಿಗಳು ಬೇರೆ ಖಾತೆಗೆ ಹೋಗುತ್ತವೆ. ಅದಕ್ಕೆ ಅವಳಿಟ್ಟ ಹೆಸರು ‘ಒಡಕಿನ ಹುಂಡಿ’. ಬಾಟಲಿಗೆ ಅಡಿಕೆ ಹಾಳೆಯ ಹೊದಿಕೆ, ಹೊರಗೆ ಐದು ಪದರದ ರಟ್ಟು ಬಂದ ಮೇಲೆ ಹುಂಡಿಯಿಂದ ಹಣ ತೆಗೆಯುವ ಸಂದರ್ಭ ಕಡಿಮೆಯಾಗಿದೆ.

ವಿಮೆ ಮಾಡಿಸಿದವರು ಒಂದು ಅಭ್ಯಾಸ ಬೆಳೆಸಿಕೊಳ್ಳಬೇಕು. ಡಬ್ಬ ಕಟ್ಟುವಾಗ ಒಳಗಿನದೊಂದು, ಮುಚ್ಚಿ ತೂಕದ ಮೇಲಿಟ್ಟಾಗ ಒಂದು ಫೋಟೊ ತೆಗೆದಿಡಿ. ರಸೀದಿಯಲ್ಲಿ ನಿಜವಾದ ಬೆಲೆಯನ್ನೇ ಬರೆಯಿರಿ. ಬಾಡಿಗೆ ಉಳಿಸಲು 500 ಎಂದು ಬರೆದು ಆಮೇಲೆ 18,000 ಕೇಳಿದರೆ ಯಾರೂ ಕೊಡುವುದಿಲ್ಲ. ಒದ್ದೆಯಾದ, ಹರಿದ ಡಬ್ಬ ಪಡೆಯುವಾಗ ಡೆಲಿವರಿ ಚೀಟಿಯ ಮೇಲೆ ಹಾಗೆಂದು ಬರೆಯಲು ಗ್ರಾಹಕರಿಗೆ ಮೊದಲೇ ತಿಳಿಸಿ. ನಷ್ಟವಾದ ಕೂಡಲೇ ಕೊರಿಯರ್‌ನವರಿಗೂ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಕೊರಿಯರ್‌ಗೆ ನೋಟಿಸ್ ಕೊಡದಿದ್ದರೆ ವಿಮಾ ಕಂಪನಿ ಅವರಿಂದ ವಸೂಲಿ ಮಾಡಿಕೊಳ್ಳುವ ದಾರಿ ಮುಚ್ಚುತ್ತದೆ, ಅದೇ ಕಾರಣಕ್ಕೆ ನಿಮ್ಮ ಕ್ಲೇಮ್ ನಿಲ್ಲಬಹುದು. ಕಂಪನಿ ಒಪ್ಪದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಒಬ್ಬರೇ ನಡೆಸುವ ಅಂಗಡಿಗಳೂ ಕಿರು ಉದ್ದಿಮೆಗಳೂ ಅಲ್ಲಿ ದೂರು ಕೊಡಲು 2017ರ ನಿಯಮಗಳಲ್ಲಿ ಅವಕಾಶವಿದೆ, ಖರ್ಚಿಲ್ಲ. ಬೆಂಗಳೂರಿನಲ್ಲಿ ಅದರ ಕಚೇರಿ ಇದೆ. ಗ್ರಾಹಕರಿಗಾದರೆ ರಾಷ್ಟ್ರೀಯ ಸಹಾಯವಾಣಿ 1915.

ಒಂದು ತೊಡಕು ಉಳಿಯುತ್ತದೆ. ತಿಂಗಳಿಗೆ ಹದಿನೈದು ಸೀರೆ ಕಳಿಸುವವರಿಗೆ ಓಪನ್ ಪಾಲಿಸಿ ಮಾಡಿಸಲು ಹೋದರೆ ಕನಿಷ್ಠ ಪ್ರೀಮಿಯಂ ಹೊರೆಯಾಗುತ್ತದೆ, ಏಜೆಂಟರೂ ಉತ್ಸಾಹ ತೋರುವುದಿಲ್ಲ. ವಿಮೆ ನಿಂತಿರುವುದೇ ಸಂಖ್ಯೆಯ ಮೇಲೆ. ಹತ್ತಾರು ಸಾವಿರ ಡಬ್ಬಗಳು ಒಂದೇ ಲೆಕ್ಕದಲ್ಲಿ ಸೇರಿದಾಗ ಒಂದೆರಡರ ನಷ್ಟ ಯಾರಿಗೂ ಭಾರವಾಗುವುದಿಲ್ಲ. ದೊಡ್ಡ ಮಾರಾಟ ಜಾಲಗಳಿಗೆ ಆ ಸಂಖ್ಯೆ ತಾನಾಗಿ ಇದೆ, ಸಣ್ಣವರು ಅದನ್ನು ಕೂಡಿಸಿಕೊಳ್ಳಬೇಕು. ನೇಕಾರರ ಸಂಘ, ಗೊಂಬೆ ಕುಶಲಕರ್ಮಿಗಳ ಸಂಘ, ರೈತ ಉತ್ಪಾದಕ ಕಂಪನಿ, ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ, ಹೀಗೆ ಯಾವುದಾದರೂ ಒಂದು ಸಂಸ್ಥೆ ಎಲ್ಲ ಸದಸ್ಯರ ರವಾನೆಗೂ ಸೇರಿ ಒಂದು ಸಾಗಣೆ ಪಾಲಿಸಿ ಮಾಡಿಸಲು ವಿಮಾ ಕಂಪನಿಯೊಡನೆ ಮಾತಿಗೆ ಕೂರಬಹುದು. ಸರಕಿನಲ್ಲಿ ಹಕ್ಕಿರುವವರಿಗೆ ಮಾತ್ರ ವಿಮೆ ಸಲ್ಲುತ್ತದೆ, ಆದ್ದರಿಂದ ಪಾಲಿಸಿಯಲ್ಲಿ ಸದಸ್ಯರ ಹೆಸರೂ ಸೇರಿರಬೇಕು, ಇಲ್ಲವೇ ಸಂಘವೇ ಬಿಲ್ ಹಾಕಿ ಕಳಿಸುವ ಏರ್ಪಾಡಿರಬೇಕು.

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ್ದರು. ಒಬ್ಬೊಬ್ಬರಿಗೆ ಸಾಲ ಸಿಗದ ಕಾಲದಲ್ಲಿ ಎಲ್ಲರೂ ಸೇರಿದರೆ ಸಿಗುತ್ತದೆ ಎಂದು ತೋರಿಸಿದ ನಾಡು ಇದು. ನೀವು ಇಂಥ ಯಾವುದಾದರೂ ಸಂಘದ ಸದಸ್ಯರಾಗಿದ್ದರೆ, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ‘ಸಾಗಣೆ ವಿಮೆ’ ಎಂಬ ಒಂದು ಸಾಲು ಸೇರಿಸಲು ದಯವಿಟ್ಟು ಕಾರ್ಯದರ್ಶಿಗಳಿಗೆ ಇಂದೇ ಹೇಳಿ.